ಬೀದಿಯಾಚೆಯ ತವರು

ಭದ್ರಾವತಿ
18 ಆಗಸ್ಟ್ 1997

ಶಿವಮೊಗ್ಗ ರವೀಂದ್ರನಗರದ ಸುಭದ್ರಮ್ಮನವರಿಗೆ, ನಿಮ್ಮ ಮಗಳು ತನುಜಾಳ ಅತ್ತೆ ಶೇಷಮ್ಮ ಮಾಡುವ ನಮಸ್ಕಾರ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಮಕ್ಕಳ ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು, ನಿಮ್ಮ ಕಡೆಯಿಂದ ಯಾರೂ ಬರಲಿಲ್ಲ. ಜಾತಿ ಬೇರೆ, ಮನೆತನ ಬೇರೆ, ಅದಕ್ಕೆ ನಾನು ತಪ್ಪು ಹೇಳುವುದಿಲ್ಲ. ಬಸ್ಸು ಹತ್ತಿದರೆ ಮಲವಗೊಪ್ಪ ದಾಟುವಷ್ಟರಲ್ಲಿ ನಿಮ್ಮೂರು ಬಂದೇಬಿಡುತ್ತದೆ. ಆದರೆ ನಿಮ್ಮ ಯಜಮಾನರು ಬಾಗಿಲಲ್ಲೇ ನಿಲ್ಲಿಸಿದರೆ ನನಗಿಂತ ನಿಮಗೆ ಕಷ್ಟ. ಅವರು ಪಾತ್ರೆ ಅಂಗಡಿಗೆ ಹೋದ ಮೇಲೆ ಟಪಾಲು ಬರುತ್ತದೆ ಎಂದು ತನುಜಾ ಯಾವಾಗಲೋ ಹೇಳಿದ್ದಳು. ಅದಕ್ಕೇ ಕಾಗದ. ನಾಲ್ಕನೇ ಕ್ಲಾಸಿನ ಅಕ್ಷರ, ಡೊಂಕಾಗಿದ್ದರೆ ನೇರ ಮಾಡಿಕೊಂಡು ಓದಿ.

ತನುಜಾಗೆ ಐದು ತಿಂಗಳು. ಸುದ್ದಿ ನಿಮಗೆ ಮುಟ್ಟಿದೆಯೋ ಇಲ್ಲವೋ ಗೊತ್ತಿಲ್ಲ.

ನಿಮ್ಮ ಅಳಿಯ ಕೆಲಸ ಮಾಡುವ ಕಬ್ಬಿಣದ ಕಾರ್ಖಾನೆಗೆ ಅದರದೇ ಆಸ್ಪತ್ರೆ ಇದೆ. ಕೆಲಸಗಾರನ ಹೆಂಡತಿ, ಮಕ್ಕಳು, ತಂದೆ ತಾಯಿ ಎಲ್ಲರನ್ನೂ ನೋಡುತ್ತಾರೆ. ಬಸುರಿ ಹೋಗಿ ಹೆಸರು ಬರೆಸಿದರೆ ಆಯಿತು. ತಿಂಗಳು ತಿಂಗಳು ತೂಕ, ರಕ್ತ, ಬಿ.ಪಿ. ನೋಡುವುದರಿಂದ ಹಿಡಿದು ಹುಟ್ಟಿದ ಮಗುವಿನ ಚುಚ್ಚುಮದ್ದಿನವರೆಗೂ ಅವರದೇ ಹೊಣೆ. ಇಲ್ಲಿ ಆಗದ್ದಾದರೆ ದೊಡ್ಡ ಆಸ್ಪತ್ರೆಗೆ ಅವರೇ ಬರೆದುಕೊಟ್ಟು, ಆಂಬುಲೆನ್ಸಿನಲ್ಲಿ ಕಳಿಸುತ್ತಾರೆ. ಆದರೆ ಮೊದಲು ಹೆಸರು ಬರೆಸಿರಬೇಕು.

ನಿಮ್ಮ ಮಗಳು ಬರೆಸುತ್ತಿಲ್ಲ. ನಮ್ಮ ಕ್ವಾರ್ಟರ್ಸಿನಲ್ಲಿ ಚೊಚ್ಚಲ ಬಸುರಿಯರು ಯಾರೂ ಅಲ್ಲಿ ಬರೆಸುವುದಿಲ್ಲ. ಅವರು ತವರಿಗೆ ಹೋಗುತ್ತಾರೆ, ಎರಡನೆಯದಕ್ಕೆ ಇಲ್ಲಿಗೆ ಬರುತ್ತಾರೆ. ಚೊಚ್ಚಲಿಗೇ ಬರೆಸಿದವಳೆಂದರೆ ಅವಳನ್ನು ಕರೆಯುವವರಿಲ್ಲ ಎಂದು ಬೀದಿಗೆಲ್ಲ ಹೇಳಿದ ಹಾಗೆ. ನಾನು ಹೊರಡು ಅಂದಾಗಲೆಲ್ಲ ಅವಳದು ಒಂದೇ ಮಾತು: "ಅಮ್ಮ ಕರಿಯೋಕೆ ಬರ್ತಾರೆ ಅತ್ತೆ. ಇನ್ನೊಂದು ಸ್ವಲ್ಪ ದಿನ ನೋಡ್ತೀನಿ."

ಅವಳ ಪಾದ ಊದಿಕೊಳ್ಳುತ್ತಿದೆ. ಬನ್ನಿ, ಇಲ್ಲವೇ ಬರುವುದಿಲ್ಲ ಎಂದು ಅವಳಿಗೆ ಬರೆಯಿರಿ. ಎರಡರಲ್ಲಿ ಯಾವುದಾದರೂ ಸರಿ, ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾಳೆ.

ನಿಮ್ಮ ಮಗಳ ಅತ್ತೆ,
ಶೇಷಮ್ಮ

*

ಶಿವಮೊಗ್ಗ
2 ಸೆಪ್ಟೆಂಬರ್ 1997

ಶೇಷಮ್ಮನವರಿಗೆ ನಮಸ್ಕಾರ.

ಕಾಗದ ಮುಟ್ಟಿತು. ಸುದ್ದಿ ಮುಟ್ಟಿರಲಿಲ್ಲ.

ನಮ್ಮ ಮನೆಯವರು ಮಗಳ ಮಾತು ಎತ್ತುವುದಿಲ್ಲ. ಅಳಿಯನ ಹೆಸರು ಯಾರಾದರೂ ಅಂದರೆ ಎದ್ದು ಹೊರಗೆ ಹೋಗುತ್ತಾರೆ. ಅಂಗಡಿಯಲ್ಲಿ ಕೆಲಸಕ್ಕಿರುವವನೊಬ್ಬನ ಹೆಸರೂ ಪ್ರಕಾಶ. ಅವನನ್ನು ಈಗ "ಏ ಇವನೇ" ಎಂದು ಕರೆಯುತ್ತಾರೆ. ಇದರ ಮೇಲೆ ನಾನು ಏನು ಬರೆಯಲಿ?

ಒಂದು ದಾರಿ ಇದೆ. ಇಲ್ಲಿ ಒಳ್ಳೆಯ ನರ್ಸಿಂಗ್ ಹೋಂ ಇದೆ. ದಿನ ತುಂಬಿದಾಗ ನೀವು ಅವಳನ್ನು ಅಲ್ಲಿಗೆ ಕರೆತಂದು ಸೇರಿಸಿ. ದೇವಸ್ಥಾನದ ನೆಪ ಹೇಳಿ ನಾನು ಬಂದು ಹೋಗುತ್ತೇನೆ. ಖರ್ಚು ನನ್ನದು. ನಮ್ಮ ಮಗಳ ಚೊಚ್ಚಲ ಹೆರಿಗೆ ಅಳಿಯನ ಕಾರ್ಖಾನೆಯ ಲೆಕ್ಕದಲ್ಲಿ ಆಗುವುದು ನನಗೂ ಒಪ್ಪಿಗೆಯಿಲ್ಲ.

ಅವಳಿಗೆ ಹುಳಿ ತಿನ್ನಲು ಕೊಡಬೇಡಿ. ಚಿಕ್ಕಂದಿನಿಂದ ಹಲ್ಲು ಜುಮ್ಮೆನ್ನುತ್ತದೆ.

ಸುಭದ್ರಮ್ಮ

*

ಭದ್ರಾವತಿ
15 ಸೆಪ್ಟೆಂಬರ್ 1997

ಬೀಗಿತ್ತಿ ಸುಭದ್ರಮ್ಮನವರಿಗೆ,

ನೀವು ಬೀಗಿತ್ತಿ ಎಂದು ಬರೆಯಲಿಲ್ಲ. ಪರವಾಗಿಲ್ಲ, ನಾನೇ ಬರೆದುಕೊಂಡಿದ್ದೇನೆ.

ಹುಳಿಯ ಮಾತು ಹೇಳಿದ್ದು ತಡವಾಯಿತು. ಹಿತ್ತಲ ಮಾವಿನ ಉಪ್ಪಿನಕಾಯಿ ಭರಣಿ ಖಾಲಿ. ಮೀನಿನ ವಾಸನೆ ಅವಳಿಗಾಗದೆಂದು ಒಲೆಯ ಮೇಲೆ ಅದನ್ನು ಇಡುವುದೇ ಬಿಟ್ಟಿದ್ದೇನೆ. ನಿಮ್ಮ ಮಗಳು ದಪ್ಪಗಾಗುತ್ತಿದ್ದಾಳೆ, ನಮ್ಮ ಮನೆಯ ಬೆಕ್ಕು ಬಡವಾಗುತ್ತಿದೆ.

ನರ್ಸಿಂಗ್ ಹೋಮಿನ ಮಾತು ನನಗೆ ಹಿಡಿಸಲಿಲ್ಲ. ತಿಂಗಳು ತಿಂಗಳು ನೋಡುವವರು ಯಾರು? ದಿನ ತುಂಬಿದ ಮೇಲೆ ಗುರುತಿಲ್ಲದ ಡಾಕ್ಟರ ಮುಂದೆ ಹೋಗಿ ನಿಲ್ಲುವುದೇ? ಅದೂ ಅಲ್ಲದೆ ಮಗು ಹೆರುವುದು ಕದ್ದು ಮಾಡುವ ಕೆಲಸವಲ್ಲ.

ಕಾರ್ಖಾನೆಯ ಲೆಕ್ಕ ಅಂದಿರಿ. ಆ ಆಸ್ಪತ್ರೆಯಲ್ಲಿ ಒಂದು ರೂಢಿ ಇದೆ. ರೋಗಿ ಯಾರೇ ಆಗಲಿ, ಕೂಗುವುದು ಕೆಲಸಗಾರನ ಹೆಸರನ್ನೇ. ನನ್ನ ಗಂಡ ಭೂತಪ್ಪ ಕೆಲಸದಲ್ಲಿದ್ದಷ್ಟು ಕಾಲ "ಭೂತಪ್ಪ" ಎಂದರೆ ಸೆರಗು ಸರಿಮಾಡಿಕೊಂಡು ನಾನು ಏಳುತ್ತಿದ್ದೆ. ಅವರು ರಿಟೈರಾದರು, ಮಗ ಸೇರಿದ. ಈಗ "ಪ್ರಕಾಶ್" ಎಂದರೆ ಮಂಡಿನೋವಿಗೆ ನಾನೂ ಏಳುತ್ತೇನೆ, ಕಣ್ಣಿನ ಪೊರೆಗೆ ಅವರೂ ಏಳುತ್ತಾರೆ. ಒಂದು ಸಲ ಇಬ್ಬರೂ ಎದ್ದುಬಿಟ್ಟಿದ್ದೆವು. ಹೆಸರು ಕೂಗಿದರೆ ಏಳುವ ಹಕ್ಕು ನಮ್ಮದು. ಯಾರ ದಾನವೂ ಅಲ್ಲ ಅದು, ಒಬ್ಬ ಗಂಡಸು ಕುಲುಮೆಯ ಮುಂದೆ ನಿಂತು ಗಳಿಸಿದ್ದು.

ಇನ್ನೊಂದು ಮಾತು. ನನಗೆ ತವರಿರಲಿಲ್ಲ. ನಾನು ಚಿಕ್ಕವಳಿರುವಾಗಲೇ ಅಪ್ಪ ಅಮ್ಮ ಇಬ್ಬರೂ ಹೋದರು. ಪ್ರಕಾಶ ಹುಟ್ಟುವಾಗ ಇದೇ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ್ದೆ. ಸಂಜೆ ಬಾಗಿಲು ತೆಗೆದರೆ ಅಕ್ಕಪಕ್ಕದವರ ತಾಯಂದಿರು ಗಂಜಿ ಹಿಡಿದು ಬರುವರು. ನಾನು ಗೋಡೆಯ ಕಡೆ ತಿರುಗಿ ನಿದ್ದೆ ಬಂದವಳ ಹಾಗೆ ಮಲಗುತ್ತಿದ್ದೆ. ಒಂದು ದಿನ ಆಯಾ ಬಂದು, "ಇಷ್ಟು ನಿದ್ದೆ ಮಾಡಿದ್ರೆ ಹುಟ್ಟೋ ಮಗು ಸೋಂಬೇರಿ ಆಗುತ್ತೆ ಮಾರಾಯ್ತಿ" ಎಂದಳು. ನಿಮ್ಮ ಅಳಿಯ ಸೋಂಬೇರಿಯಾಗಲಿಲ್ಲ, ಅದೊಂದು ಪುಣ್ಯ.

ತನುಜಾ ಯಾಕೆ ಆ ಮೆಟ್ಟಿಲು ಹತ್ತುತ್ತಿಲ್ಲ ಎಂಬುದು ಹಾಗಾಗಿ ನನಗೆ ಗೊತ್ತು. ಬೈಯಲು ಬಾಯಿ ಬರುವುದಿಲ್ಲ.

ಶೇಷಮ್ಮ

*

ಭದ್ರಾವತಿ
12 ಅಕ್ಟೋಬರ್ 1997

ಬೀಗಿತ್ತಿಯವರೇ,

ನಿಮ್ಮ ಉತ್ತರ ಬರಲಿಲ್ಲ. ಏಳನೆಯ ತಿಂಗಳು ಬಂತು. ನಾನು ಒಂದು ಕೆಲಸ ಮಾಡಿದ್ದೇನೆ. ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದಲೇ ಕೇಳಿ.

ನಮ್ಮ ಎದುರು ಕ್ವಾರ್ಟರ್ಸಿನಲ್ಲಿ ವಿಶಾಲಮ್ಮ ಅಂತ ಇದ್ದಾರೆ. ನಿಮ್ಮ ಪೈಕಿಯವರೇ, ಪೂಜೆ ಮಾಡದೆ ನೀರು ಮುಟ್ಟುವವರಲ್ಲ. ಅವರಿಗೆ ಹೆಣ್ಣುಮಕ್ಕಳಿಲ್ಲ. ನಾನು ಹೋಗಿ, "ಅಕ್ಕ, ಮೂರು ತಿಂಗಳ ಮಟ್ಟಿಗೆ ನೀವು ತವರಾಗ್ತೀರಾ?" ಎಂದು ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಡದೆ, "ಬೀಗಿತ್ತಿ ಆಗ್ಬೇಕಾದ್ರೆ ನೀನು ನಂಗೆ ಮರ್ಯಾದೆ ಕೊಡ್ಬೇಕಾಗುತ್ತೆ ಶೇಷಿ, ಆಗುತ್ತಾ ನಿನ್ ಕೈಲಿ?" ಎಂದರು.

ಶುಕ್ರವಾರ ಅವರು ಹಸಿರು ಸೀರೆ, ಹಸಿರು ಬಳೆ, ಮಡಿಲಕ್ಕಿ ಹಿಡಿದು ಬೀದಿ ದಾಟಿ ಬಂದರು. ನಾನು ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟೆ. ದಿನಾ ಹಿತ್ತಲಿನಿಂದ ಬಂದು ಸಕ್ಕರೆ ಒಯ್ಯುವವರಿಗೆ ಚಾಪೆ ಹಾಸಿ ಉಪಚಾರ ಮಾಡಿದೆ. ತನುಜಾ ಮೊದಲು ನಕ್ಕಳು. ಮಡಿಲಿಗೆ ಅಕ್ಕಿ ಬೀಳುವಾಗ ಅತ್ತಳು. ಪ್ರಕಾಶ ಪೆಟ್ಟಿಗೆ ಹೊತ್ತುಕೊಂಡು ಹೆಂಡತಿಯನ್ನು ತವರಿಗೆ ಬಿಟ್ಟುಬರಲು ಎದುರುಮನೆಗೆ ಹೋದ. ಸಂಜೆ ನಮ್ಮ ಜಗುಲಿಯಲ್ಲಿ ಕೂತು, ಎಲ್ಲೋ ದೂರದೂರಿಗೆ ಕಳಿಸಿದವನಂತೆ ಮುಖ ಮಾಡಿಕೊಂಡಿದ್ದ.

ಸೋಮವಾರ ಬೆಳಿಗ್ಗೆ ಅವಳೇ, "ವಿಶಾಲತ್ತೆ ಜೊತೆ ಹೋಗಿ ಹೆಸರು ಬರೆಸಿ ಬರ್ತೀನಿ" ಎಂದಳು. ಬಿ.ಪಿ. ಹೆಚ್ಚಿದೆಯಂತೆ. ಇಷ್ಟು ತಡವಾಗಿ ಬಂದದ್ದಕ್ಕೆ ಲೇಡಿ ಡಾಕ್ಟರು ನಮ್ಮನ್ನೆಲ್ಲ ಬೈದರು. ಉಪ್ಪು ಕಡಿಮೆ, ವಾರಕ್ಕೊಮ್ಮೆ ಬರಬೇಕು, ಮಾತ್ರೆ ತಪ್ಪಿಸಬಾರದು ಎಂದಿದ್ದಾರೆ. ಬೈಸಿಕೊಂಡರೂ ನನಗೆ ಎದೆ ಹಗುರಾಯಿತು.

ಶೇಷಮ್ಮ

*

ಶಿವಮೊಗ್ಗ
20 ಅಕ್ಟೋಬರ್ 1997

ಶೇಷಮ್ಮನವರಿಗೆ,

ನಾನು ಬದುಕಿದ್ದೇನೆ. ನಾನು ಬದುಕಿರುವಾಗ ನನ್ನ ಮಗಳ ಮಡಿಲಿಗೆ ಬೇರೆಯವರ ಕೈಯಿಂದ ಅಕ್ಕಿ ಹಾಕಿಸುವ ಅಧಿಕಾರ ನಿಮಗೆ ಯಾರು ಕೊಟ್ಟರು?

ಆ ಹಸಿರು ಸೀರೆಗೆ ಅಂಚು ಯಾವ ಬಣ್ಣದ್ದು?

ಸುಭದ್ರಮ್ಮ

*

ಭದ್ರಾವತಿ
4 ನವೆಂಬರ್ 1997

ಅಮ್ಮಾ,

ಕೆಂಪಂಚು. ನೀನಾಗಿದ್ದರೆ ಹಳದಿ ತರುತ್ತಿದ್ದೆ ಅಂತ ನನಗೆ ಗೊತ್ತು.

ನಿನ್ನ ಕಾಗದವನ್ನು ಅತ್ತೆ ನನ್ನ ಕೈಗೇ ಕೊಟ್ಟರು. "ನಿಮ್ಮಮ್ಮ ಬೈದಿದ್ದಾರೆ, ಬೈಯೋದು ಒಳ್ಳೇ ಲಕ್ಷಣ" ಎಂದರು. ನೀನು ಅವರ ಮೇಲೆ ಸಿಟ್ಟಾಗಬೇಡ. ತಪ್ಪು ನನ್ನದು. ನೀನು ಬರುವೆ ಎಂದು ಗೇಟಿನ ಸದ್ದಿಗೆ ಕಿವಿ ಕೊಟ್ಟು ಕೂತು, ಹೊಟ್ಟೆಯಲ್ಲಿರುವುದನ್ನು ಮರೆತಿದ್ದೆ.

ಈಗ ವಾರ ವಾರ ಹೋಗುತ್ತೇನೆ. ಬಿ.ಪಿ. ಒಂದು ಸಲ ಇಳಿದರೆ ಒಂದು ಸಲ ಏರುತ್ತದೆ. ಡಿಸೆಂಬರ್ ಮೊದಲ ವಾರದಲ್ಲೇ ಅಡ್ಮಿಟ್ ಮಾಡಿಕೊಳ್ಳುತ್ತಾರಂತೆ, ದಿನ ತುಂಬುವವರೆಗೆ ಕಾಯುವುದು ಬೇಡ ಎಂದಿದ್ದಾರೆ. ಹೆದರಿಕೆ ಇಲ್ಲ ಅಂದರೆ ಸುಳ್ಳಾಗುತ್ತದೆ.

ವಾರ್ಡಿನಲ್ಲಿ ಜೊತೆಗಿರಲು ಒಬ್ಬರಿಗೆ ಮಾತ್ರ ಪಾಸು. ಯಾರ ಹೆಸರು ಬರೆಯಲಿ ಎಂದು ನರ್ಸು ಕೇಳಿದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಕಿಟಕಿಯ ಹೊರಗೆ ನೋಡುತ್ತಾ, "ಆಮೇಲೆ ಹೇಳ್ತೀವಿ ಸಿಸ್ಟರ್" ಎಂದರು. ಜಾಗ ಖಾಲಿ ಇದೆ ಅಮ್ಮ.

ಅಪ್ಪನ ಕೆಮ್ಮು ಹೇಗಿದೆ?

ನಿನ್ನ
ತನುಜಾ

*

ಶಿವಮೊಗ್ಗ
30 ನವೆಂಬರ್ 1997

ಬೀಗಿತ್ತಿ ಶೇಷಮ್ಮನವರಿಗೆ,

ಬುಧವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಪಾಸಿನಲ್ಲಿ ನನ್ನ ಹೆಸರು ಬರೆಸಿ.

ಹೇಗೆ ಹೊರಡುತ್ತಿದ್ದೇನೆ ಎಂದು ನೀವು ಕೇಳುತ್ತೀರಿ. ಹದಿನೈದು ದಿನದಿಂದ ಅಂಟಿನುಂಡೆಗೆ ಅಂಟು ಹುರಿದಿದ್ದೇನೆ, ಮೆಂತ್ಯದ ಹಿಟ್ಟು ಮಾಡಿದ್ದೇನೆ, ಹಳೆಯ ಪಂಚೆಗಳನ್ನು ಒಗೆದು ಮಗುವಿಗೆಂದು ಹರಿದು ಮಡಿಸಿದ್ದೇನೆ. ಎಲ್ಲ ಅವರು ಅಂಗಡಿಯಲ್ಲಿದ್ದಾಗ ಮಾಡಿದ್ದು. ಅವರಿಗೆ ತಿಳಿದಿಲ್ಲ ಎಂದುಕೊಂಡಿದ್ದೆ. ನಿನ್ನೆ ಊಟಕ್ಕೆ ಕೂತಾಗ, ನನ್ನ ಅಕ್ಕನ ಊರಿಗೆ ಹೋಗಿ ಸ್ವಲ್ಪ ದಿನ ಇದ್ದು ಬರುತ್ತೇನೆ ಎಂದೆ. ಅವರು ಮಜ್ಜಿಗೆ ಕಲಸಿಕೊಂಡು ಉಂಡು ಎದ್ದರು. ಕೈ ತೊಳೆದು ಬಂದು ಗೋಡೆಗೆ ಹೇಳುವವರ ಹಾಗೆ ಹೇಳಿದರು: "ಕಟ್ಟಿಟ್ಟಿರೋ ಹಂಡೆ ಸಣ್ಣದು. ಬಾಣಂತಿ ನೀರಿಗೆ ಸಾಲಲ್ಲ. ಅಂಗಡಿಯಿಂದ ದೊಡ್ಡದು ಕಳಿಸ್ತೀನಿ."

ಸಂಜೆ ತಾಮ್ರದ ದೊಡ್ಡ ಹಂಡೆ ಬಂತು. ಬಸ್ಸಿನ ಮೇಲೆ ಹಾಕಿಸಬೇಕು, ಇಳಿಸಿಕೊಳ್ಳಲು ಅಳಿಯನನ್ನು ನಿಲ್ದಾಣಕ್ಕೆ ಕಳಿಸಿ.

ವಿಶಾಲಮ್ಮನವರಿಗೆ ನನ್ನ ನಮಸ್ಕಾರ ಹೇಳಿ. ಬಾಣಂತನ ಅವರ ಮನೆಯಲ್ಲೇ ಆಗಲಿ. ಆದರೆ ಒಲೆಯ ಮುಂದೆ ನಾನಿರುತ್ತೇನೆ.

ನಿಮ್ಮ
ಸುಭದ್ರಮ್ಮ

*

ಭದ್ರಾವತಿ
14 ಡಿಸೆಂಬರ್ 1997

ಯಜಮಾನರಿಗೆ ನಮಸ್ಕಾರಗಳು.

ನೀವು ಓದುತ್ತೀರೋ ಇಲ್ಲವೋ, ತಿಳಿಸುವುದು ನನ್ನ ಕೆಲಸ. ಬುಧವಾರ ಬೆಳಿಗ್ಗೆ ತನುಜಾಗೆ ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

ಅಂದು ನಸುಕಿನಲ್ಲೇ ಅವಳಿಗೆ ತಲೆನೋವು ಬಂದು ಕಣ್ಣು ಮಂಜಾಯಿತು. ನರ್ಸು ಬಿ.ಪಿ. ನೋಡಿದವರೇ ಓಡಿದರು. ತಿಂಗಳುಗಳಿಂದ ಅವಳನ್ನು ನೋಡುತ್ತಿದ್ದ ಲೇಡಿ ಡಾಕ್ಟರು ಬಂದು, ಕಾಯುವ ಹಾಗಿಲ್ಲ, ಆಪರೇಶನ್ ಮಾಡಬೇಕು ಎಂದರು. ಅವಳ ರಕ್ತದ ಗುಂಪು, ಹಿಂದಿನ ಬಿ.ಪಿ. ಎಲ್ಲ ಅವರ ಬಾಯಲ್ಲೇ ಇತ್ತು, ಯಾರನ್ನೂ ಕೇಳುವ ಗೋಜಿರಲಿಲ್ಲ. ಗುರುತಿಲ್ಲದ ಜಾಗಕ್ಕೆ ಕಡೇ ಗಳಿಗೆಯಲ್ಲಿ ಕರೆದೊಯ್ಯೋಣ ಎಂದಿದ್ದವಳು ನಾನು.

ಮಗು ಸಣ್ಣದು. ಮೊದಲು ಗಾಜಿನ ಪೆಟ್ಟಿಗೆಯಲ್ಲಿ ದೀಪದ ಶಾಖಕ್ಕೆ ಇಟ್ಟಿದ್ದರು. ನಿನ್ನೆ ತಾಯಿಯ ಮಗ್ಗುಲಿಗೆ ಕೊಟ್ಟರು. ಮೂಗು ನಿಮ್ಮದೇ, ಬೇಡವೆಂದರೂ ಬಂದಿದೆ.

ಇಲ್ಲಿ ಎಲ್ಲರನ್ನೂ ಕೆಲಸಗಾರನ ಹೆಸರಿನಿಂದ ಕೂಗುತ್ತಾರೆ. ಆಪರೇಶನ್ ಕೋಣೆಯ ಬಾಗಿಲು ತೆರೆದು "ಪ್ರಕಾಶ್ ಕಡೆಯವರು ಯಾರು?" ಎಂದರು. ಬೀಗಿತ್ತಿ ನನ್ನ ಬೆನ್ನ ಮೇಲೆ ಕೈಯಿಟ್ಟು ಮುಂದೆ ತಳ್ಳಿದರು. ನಾನು ಎದ್ದು ಹೋಗಿ ಮಗುವನ್ನು ಕೈಯಲ್ಲಿ ತೆಗೆದುಕೊಂಡೆ.

ಬಾಣಂತಿಗೆ ನೀರು ಕೊಡಬಾರದು ಎಂದು ನಾನು, ಚೆನ್ನಾಗಿ ಕುಡಿಸಿ ಎಂದು ಡಾಕ್ಟರು. ಬೀಗಿತ್ತಿ ಡಾಕ್ಟರ ಪಕ್ಷ. ನಾನು ಸೋತಿದ್ದೇನೆ.

ನೀವು ಹೋಟೆಲಿನಲ್ಲಿ ಖಾರ ತಿನ್ನಬೇಡಿ. ಹಂಡೆ ಸರಿಯಾಗಿ ಸಾಲುತ್ತದೆ.

ಇಂತಿ ನಿಮ್ಮ
ಸುಭದ್ರ

*

ಶಿವಮೊಗ್ಗ
27 ಫೆಬ್ರವರಿ 1998

ಬೀಗಿತ್ತಿ ಶೇಷಮ್ಮನವರಿಗೆ,

ಶಿವರಾತ್ರಿಗೆಂದು ಮನೆಗೆ ಬಂದೆನಲ್ಲ, ಮನೆ ನಾನು ಬಿಟ್ಟು ಹೋದ ಹಾಗೆಯೇ ಇತ್ತು. ನಾನು ಬರೆದ ಕಾಗದ ದೇವರ ಗೂಡಿನ ಪಕ್ಕದಲ್ಲಿತ್ತು, ಬಾಯಿ ತೆರೆದಿತ್ತು.

ಉಪವಾಸ ಮುಗಿದ ಮಾರನೆಯ ದಿನ ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟಿಕೊಂಡವರು ಹೊಸ್ತಿಲಲ್ಲೇ ನಿಂತರು. "ಆ ಎದುರುಮನೆಯವರಿಗೆ ಎಷ್ಟು ದಿನ ಅಂತ ತೊಂದರೆ ಕೊಡೋದು? ನಮ್ಮನೇಲಿ ಜಾಗ ಇಲ್ವಾ?" ಎಂದರು. ನಾನು ಹೂಂ ಅನ್ನುವಷ್ಟರಲ್ಲಿ ಗೇಟು ದಾಟಿದ್ದರು.

ವಿಶಾಲಮ್ಮನವರಿಗೆ ಏನು ಹೇಳಬೇಕೋ ನೀವೇ ಹೇಳಿ. ಭಾನುವಾರ ತನುಜಾಳನ್ನೂ ಮಗು ಇಂಪನಾಳನ್ನೂ ಕರೆತರಲು ನಾನೇ ಬರುತ್ತೇನೆ. ಪ್ರಕಾಶನ ಮಾತು ಮಾತ್ರ ಇನ್ನೂ ಎತ್ತುವ ಹಾಗಿಲ್ಲ. ಅವನಿಗೆ ಬೇಸರವಾಗದ ಹಾಗೆ ನೀವು ನೋಡಿಕೊಳ್ಳಿ. ಬಂಗಾರದಂಥ ಹುಡುಗ. ಬಸ್ ನಿಲ್ದಾಣದಿಂದ ಆ ಹಂಡೆಯನ್ನು ತಲೆಯ ಮೇಲೆ ಹೊತ್ತು ಬಂದದ್ದು ನನ್ನ ಕಣ್ಣಿನಿಂದ ಹೋಗಿಲ್ಲ.

ಸುಭದ್ರಮ್ಮ

*

ಭದ್ರಾವತಿ
19 ಮಾರ್ಚ್ 1998

ಬೀಗಿತ್ತಿಯವರೇ,

ನಿಮ್ಮ ಜ್ವರ ಇಳಿದಿದೆ ಎಂದುಕೊಂಡಿದ್ದೇನೆ. ನಿನ್ನೆ ಆಸ್ಪತ್ರೆಯಲ್ಲಿ ಆದದ್ದನ್ನು ನಿಮ್ಮ ಯಜಮಾನರು ಮನೆಯಲ್ಲಿ ಹೇಳಿರಲಾರರು. ಅದಕ್ಕೇ ಬರೆಯುತ್ತಿದ್ದೇನೆ.

ಇಂಪನಾಗೆ ಮೂರನೆಯ ಚುಚ್ಚುಮದ್ದಿನ ದಿನ. ಶಿವಮೊಗ್ಗದಲ್ಲೇ ಹಾಕಿಸೋಣ ಎಂದು ಅವರು ಅಂದದ್ದು, ಹುಟ್ಟಿದಾಗಿನಿಂದ ನೋಡಿದವರ ಕೈಯಲ್ಲೇ ಆಗಲಿ ಎಂದು ತನುಜಾ ಹಟ ಹಿಡಿದದ್ದು, ನೀವು ಮಲಗಿದ್ದರಿಂದ ಜೊತೆಗೆ ಅವರೇ ಬಸ್ಸು ಹತ್ತಬೇಕಾದದ್ದು, ಇಷ್ಟು ನಿಮಗೆ ಗೊತ್ತು, ತನುಜಾ ಬರೆದಿದ್ದರಿಂದ ನನಗೂ ಗೊತ್ತು. ಮುಂದಿನದು ನನ್ನದು.

ಪ್ರಕಾಶ ಬೆಳಗಿನ ಪಾಳಿಯಲ್ಲಿದ್ದ. ನಾನು ಆಸ್ಪತ್ರೆಗೆ ಹೋಗುವುದು ತಡವಾಯಿತು. ಅಷ್ಟರಲ್ಲಿ ತನುಜಾ ತನ್ನ ಬಿ.ಪಿ. ತೋರಿಸಲು ಲೇಡಿ ಡಾಕ್ಟರ ಕೋಣೆಗೆ ಹೋಗಿದ್ದಳು. ಬೆಂಚಿನ ಮೇಲೆ ಬಿಳಿ ಪಂಚೆಯ ಒಬ್ಬರು ಮಗುವನ್ನು ಎರಡೂ ಅಂಗೈ ಅಡಿಗಿಟ್ಟು ಹಿಡಿದು ಕೂತಿದ್ದರು, ಹೊಸ ಹಿತ್ತಾಳೆ ಬಿಂದಿಗೆಗೆ ಗೀರು ಬೀಳಬಾರದೆಂದು ಹಿಡಿಯುವ ಹಾಗೆ. ಮೂಗು ನೋಡಿದೆ. ಸಂಶಯವೇ ಉಳಿಯಲಿಲ್ಲ. ಅವರಿಗೆ ನಾನು ಯಾರೆಂದು ಗೊತ್ತಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತೆ.

ನರ್ಸು ಬಂದು "ಪ್ರಕಾಶ್" ಎಂದಳು. ಅವರು ಕದಲಲಿಲ್ಲ. ನನ್ನ ಕಾಲು ತಾನಾಗಿ ಏಳುತ್ತಿತ್ತು. ವರ್ಷಗಟ್ಟಲೆಯ ಅಭ್ಯಾಸ ನೋಡಿ, ಎರಡೂ ಕೈಯಿಂದ ಮಂಡಿ ಅದುಮಿ ಹಿಡಿದೆ. ಮತ್ತೆ "ಪ್ರಕಾಶ್" ಎಂದಳು. ಅವರು ಮಗುವಿನ ಮುಖ ನೋಡಿದರು, ನೆಲ ನೋಡಿದರು. ಎದ್ದು ಹೊರಗೆ ಹೋಗಲು ಆಗಲಿಲ್ಲ, ಕೈಯಲ್ಲಿ ಮಗುವಿತ್ತಲ್ಲ. "ಪ್ರಕಾಶ್ ಇಲ್ವಾ? ಮುಂದಿನೋರು ಬನ್ನಿ" ಎಂದು ಅವಳು ತಿರುಗಿದಳು.

ಆಗ ಎದ್ದರು. ಸಣ್ಣ ದನಿಯಲ್ಲಿ, "ಇದೀವಮ್ಮ" ಎಂದರು.

"ನೀವು ಪ್ರಕಾಶ್‌ಗೆ ಏನಾಗ್ಬೇಕು?"

ಅವಳು ಕೇಳಿದ್ದು ರೂಢಿಯ ಪ್ರಶ್ನೆ. ಅವರು ಗಂಟಲು ಸರಿ ಮಾಡಿಕೊಂಡರು.

"ಹೆಣ್ಣು ಕೊಟ್ಟ ಮಾವ."

ಆ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಣ್ಣು ಕೊಡಲು ಯಾರೂ ಬಂದಿರಲಿಲ್ಲ. ನಿನ್ನೆ ಬಂದರು ಬೀಗಿತ್ತಿ, ಚುಚ್ಚುಮದ್ದಿನ ಕೋಣೆಯ ಬಾಗಿಲಿಗೆ.

ಒಳಗೆ ಹೋಗುವಾಗ ನನ್ನ ಕಡೆ ತಿರುಗಿ, "ಸ್ವಲ್ಪ ಈ ಚೀಲ ನೋಡ್ಕೊಳ್ಳಿ ತಾಯಿ" ಎಂದರು. ನೋಡಿಕೊಂಡೆ. ಮಗು ಅತ್ತಿತು, ಅವರು ಗಾಬರಿಯಿಂದ ಅದನ್ನು ಎತ್ತಿಕೊಂಡು ತನುಜಾಳನ್ನು ಹುಡುಕುತ್ತಾ ಆ ಕಡೆಗೆ ಓಡಿದರು. ಮೊಮ್ಮಗಳನ್ನು ಒಂದು ಗಳಿಗೆ ಎತ್ತಿಕೊಳ್ಳಬೇಕು ಎಂಬ ಆಸೆಯನ್ನು ಅಲ್ಲೇ ಬಿಟ್ಟು, ಚೀಲ ಹಿಡಿದು ನಾನು ಹೊರಗೆ ಬಂದುಬಿಟ್ಟೆ.

ಒಳಗೆ ಅವರ ಕೊಡೆ, ಕೆಮ್ಮಿನ ಔಷಧಿ, ಮಗುವಿನ ಟೋಪಿ ಇವೆ. ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಬೇರೆ ಕೊಳ್ಳಿ. ಟೋಪಿ ನೀವು ಹೆಣೆಯುತ್ತೀರಿ. ಕೊಡೆ ಮಾತ್ರ ಅವರಿಗೆ ಹಳೆಯದೇ ಬೇಕಂತೆ, ತನುಜಾ ಹೇಳುತ್ತಿದ್ದಳು. ಅದು ನಮ್ಮ ನಡುಮನೆಯ ಗೂಟಕ್ಕೆ ನೇತುಬಿದ್ದಿದೆ. ಯಾರ ಕೈಯಲ್ಲೂ ನಾನು ಕಳಿಸುವುದಿಲ್ಲ.

ಭಾನುವಾರ ಪ್ರಕಾಶನಿಗೆ ರಜ.

ನಿಮ್ಮ ಬೀಗಿತ್ತಿ,
ಶೇಷಮ್ಮ